ಮೋಡದ ಮೇಲೆ ಊಟ ಬಡಿಸಿದ ವರ್ಷಗಳು

ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ನನ್ನನ್ನು ಯಂತ್ರದ ಮೇಲೆ ನಿಲ್ಲಿಸಿ ತೂಗಿದರು. ಭೇರ್ಯದ ಹತ್ತಿರದ ನಮ್ಮ ಹಳ್ಳಿಯಲ್ಲಿ ತೂಕಕ್ಕೆ ಇಡುತ್ತಿದ್ದದ್ದು ಭತ್ತದ ಮೂಟೆಯನ್ನು, ಬೆಲ್ಲವನ್ನು. ಎತ್ತರ ಅಳೆದು, ಹಲ್ಲು ನೋಡಿ, ‘ಆ ಗೋಡೆಯವರೆಗೆ ನಡೆದು ವಾಪಸ್ ಬನ್ನಿ’ ಎಂದು ನಡೆಸಿ ಆರಿಸುವುದನ್ನು ನಾನು ಅದುವರೆಗೆ ದನದ ಸಂತೆಯಲ್ಲಿ ಮಾತ್ರ ಕಂಡಿದ್ದೆ. ಆದರೂ ನಡೆದೆ. ಮೇಜಿನ ಆಚೆ ಕೂತಿದ್ದ ನಾಲ್ವರೂ ನನ್ನ ಕಾಲನ್ನೇ ನೋಡುತ್ತಿದ್ದರು. ಗದ್ದೆ ಬದುವಿನ ಮೇಲೆ ಓಡಾಡಿ ಬೆಳೆದವಳಿಗೆ ನೇರ ಗೆರೆಯ ಮೇಲೆ ನಡೆಯುವುದೇನೂ ಕಷ್ಟವಾಗಲಿಲ್ಲ. ಕೆಲಸ ಸಿಕ್ಕಿತು.

ಈಗ ಹುಣಸೂರು, ಪಿರಿಯಾಪಟ್ಟಣದ ಕಾಲೇಜುಗಳಲ್ಲಿ ಓದಿದ ಹುಡುಗಿಯರೂ ಹುಡುಗರೂ ವಿಮಾನದ ಕೆಲಸಕ್ಕೆ ಹೋಗುತ್ತಿದ್ದಾರೆ. ನಿವೃತ್ತಳಾಗಿ ಹುಣಸೂರಿನಲ್ಲಿ ನೆಲೆಸಿರುವ ನನ್ನ ಬಳಿ ಬಂದು, ‘ಆ ಕಾಲ ಹೇಗಿತ್ತು ಆಂಟಿ?’ ಎಂದು ಕೇಳುತ್ತಾರೆ. ಅವರ ಕಣ್ಣಲ್ಲಿ ಆ ಕಾಲವೆಂದರೆ ರೇಷ್ಮೆ ಸೀರೆ, ಪಿಂಗಾಣಿ ತಟ್ಟೆ, ಕೋಟು ತೊಟ್ಟ ಪ್ರಯಾಣಿಕರು. ಅದೆಲ್ಲ ನಿಜ. ಆದರೆ ನಿಜ ಅಷ್ಟೇ ಅಲ್ಲ. ನನಗೆ ಯಾವಾಗ ಯಾವ ಬಡ್ತಿ ಬಂತು ಎನ್ನುವುದು ಯಾರಿಗೂ ಬೇಡದ ವಿಷಯ. ನೆನಪಿನಲ್ಲಿ ನಿಂತಿರುವ ಕೆಲವು ಹಾರಾಟಗಳನ್ನಷ್ಟೇ ಹೇಳುತ್ತೇನೆ.

ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸುವಾಗ ಪತ್ರಿಕೆಯ ಜಾಹೀರಾತು ನೋಡಿ, ಗೆಳತಿಯೊಬ್ಬಳು ‘ನಿನಗೆ ಧೈರ್ಯ ಇಲ್ಲ’ ಅಂದಳೆಂದು ಅರ್ಜಿ ಹಾಕಿದ್ದೆ. ಕೆಲಸ ಸಿಕ್ಕಿದ ಸುದ್ದಿ ಊರಿಗೆ ಮುಟ್ಟಿದ ಮಾರನೆಯ ದಿನವೇ ಅಪ್ಪ ಬಸ್ಸು ಹತ್ತಿ ಹಾಸ್ಟೆಲಿಗೆ ಬಂದ.

“ಏನವ್ವಾ, ಇಮಾನದಲ್ಲಿ ಕೆಲ್ಸ ಅಂತಲ್ಲ, ಅಲ್ಲಿ ಏನ್ ಮಾಡ್ಬೇಕು?”

“ಬಂದೋರ್ನ ಕೂರ್ಸೋದು, ನೀರು ಕೊಡೋದು, ಊಟ ಬಡ್ಸೋದು ಕಣಪ್ಪ.”

ಅಪ್ಪ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. “ಅದ್ನ ನಿಮ್ಮವ್ವ ದಿನಾ ಮಾಡ್ತಾವಳೆ. ಅದ್ಕೆ ಆಕಾಸಕ್ಕೆ ಯಾಕೋಗ್ಬೇಕು?”

“ಅವ್ವಂಗೆ ಸಂಬಳ ಕೊಡೋರು ಯಾರು? ಅಲ್ಲಿ ಕೊಡ್ತಾರೆ.”

ಹಾಸ್ಟೆಲಿನ ಕಾವಲುಗಾರ ತಿರುಗಿ ನೋಡುವಷ್ಟು ಜೋರಾಗಿ ಅಪ್ಪ ನಕ್ಕ. “ಓಗು ಅತ್ಲಾಗೆ. ಆದ್ರೆ ಉಸಾರು ಕಣವ್ವ. ಮರ ಅತ್ತಿದ್ರೆ ಇಡ್ಕಳಕ್ಕೆ ಕೊಂಬೆಯಾದ್ರೂ ಇರ್ತದೆ. ಅಲ್ಲಿ ಏನೂ ಇರಾಕಿಲ್ಲ.”

ಅಲ್ಲಿ ಹಿಡಿದುಕೊಳ್ಳಲು ಸಿಕ್ಕಿದವರು ಡೊರೀನ್ ಮೇಡಂ. ಬೆಂಗಳೂರಿನ ದಂಡು ಪ್ರದೇಶದವರು, ನಮ್ಮೆಲ್ಲರಿಗೂ ಹಿರಿಯ ಗಗನಸಖಿ. ತಿಂಗಳಿಗೊಮ್ಮೆ ನಮ್ಮನ್ನು ತೂಗುತ್ತಿದ್ದವರು ಅವರೇ. ಸ್ವಲ್ಪ ಹೆಚ್ಚಿದ್ದರೆ ಹಾರಾಟದಿಂದ ಇಳಿಸುತ್ತಿದ್ದರು. ಸೀರೆಯ ನೆರಿಗೆ, ಕೂದಲಿನ ಗಂಟು, ಉಗುರು, ಲಿಪ್‌ಸ್ಟಿಕ್ಕಿನ ಬಣ್ಣ ಎಲ್ಲವನ್ನೂ ಪರೀಕ್ಷಿಸುತ್ತಿದ್ದರು. ತರಬೇತಿಯಲ್ಲಿ ನಮಗೆ ಬ್ರೆಡ್ಡನ್ನು ಇಕ್ಕಳದಲ್ಲಿ ಹಿಡಿದು ಬಡಿಸಲು, ಕಾಫಿಯನ್ನು ಬಲಗಡೆಯಿಂದ ಸುರಿಯಲು ಕಲಿಸುವುದಕ್ಕೆ ವಾರಗಟ್ಟಲೆ ತೆಗೆದುಕೊಂಡರು. ಬೆಂಕಿ ಬಿದ್ದರೆ ಏನು ಮಾಡಬೇಕು ಎನ್ನುವುದನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದರು.

ವೈಭವವೇನೋ ಇತ್ತು. ಜನ ಮದುವೆಗೆ ಹೊರಟವರಂತೆ ಸಿಂಗರಿಸಿಕೊಂಡು ವಿಮಾನಕ್ಕೆ ಬರುತ್ತಿದ್ದರು. ಬಾಗಿಲಲ್ಲೇ ತಟ್ಟೆ ಹಿಡಿದು ಪೆಪ್ಪರಮಿಂಟು, ಕಿವಿಗೆ ಇಟ್ಟುಕೊಳ್ಳಲು ಹತ್ತಿ ಕೊಡುತ್ತಿದ್ದೆವು. ಗಟ್ಟಿ ತಟ್ಟೆಯಲ್ಲಿ ಬಿಸಿ ಊಟ, ಮೇಲೆ ಮಡಿಚಿದ ಬಟ್ಟೆಯ ಕರವಸ್ತ್ರ. ಊಟ ಮುಗಿಯುತ್ತಿದ್ದಂತೆ ಅರ್ಧ ವಿಮಾನ ಸಿಗರೇಟು ಹಚ್ಚುತ್ತಿತ್ತು. ಸಂಜೆ ಕೋಣೆಗೆ ಬಂದು ಸೀರೆ ಬಿಚ್ಚಿದರೆ ಬೆಟ್ಟದಪುರದ ಕಡೆಯ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯೊಳಗೆ ಮಲಗಿ ಎದ್ದ ವಾಸನೆ. ಆ ಕಾಲದ ಚಿತ್ರಗಳಲ್ಲಿ ನಮ್ಮ ನಗು ಕಾಣುತ್ತದೆ, ಕೆಮ್ಮು ಕಾಣುವುದಿಲ್ಲ.

ಡೊರೀನ್ ಮೇಡಂ ಕಲಿಸಿದ್ದರಲ್ಲಿ ಒಂದನ್ನು ಮಾತ್ರ ಯಾವ ಪುಸ್ತಕದಲ್ಲೂ ನಾನು ಕಾಣಲಿಲ್ಲ. “ಬಾಗಿಲಲ್ಲಿ ನಿಂತಾಗ ಮುಖ ನೋಡಬೇಡ ಜಯಾ. ಮುಖ ಎಲ್ಲರದೂ ನಗುತ್ತೆ. ಕೈ ನೋಡು,” ಅನ್ನುತ್ತಿದ್ದರು. ಒಮ್ಮೆ ಮಂಗಳೂರಿನ ಕಡೆ ಹೊರಟ, ರೆಕ್ಕೆಯಲ್ಲಿ ಫ್ಯಾನು ತಿರುಗುವ ಹಳೆಯ ವಿಮಾನದಲ್ಲಿ ದಪ್ಪ ಮೀಸೆಯ ಒಬ್ಬ ದೊಡ್ಡ ಮನುಷ್ಯರಿದ್ದರು. ಕೊಡಗಿನಲ್ಲಿ ಕಾಫಿ ತೋಟ, ಸೇನೆಯಿಂದ ನಿವೃತ್ತರು. ಪಕ್ಕದವರಿಗೆ ಯುದ್ಧದ ಕಥೆಗಳನ್ನು ಜೋರುದನಿಯಲ್ಲಿ ಹೇಳುತ್ತಿದ್ದರು. ಘಟ್ಟದ ಮೇಲೆ ಮಳೆಮೋಡಕ್ಕೆ ಸಿಕ್ಕಿ ವಿಮಾನ ಮೊರದಲ್ಲಿ ಕೇರಿದ ಅಕ್ಕಿಯಂತೆ ಎಗರತೊಡಗಿತು. ಅವರ ಮಾತು ಇನ್ನೂ ಜೋರಾಯಿತು. ಕೈ ನೋಡಿದೆ. ಬೆರಳುಗಳು ಕುರ್ಚಿಯ ತೋಳನ್ನು ಹಿಡಿದ ರಭಸಕ್ಕೆ ಬೆಳ್ಳಗಾಗಿದ್ದವು.

ಹಿಂದಿನ ಸಾಲಿನ ತಾಯಿಯೊಬ್ಬರ ಬಳಿ ಇದ್ದ ಹಾಲಿನ ಬಾಟಲಿ ತೆಗೆದುಕೊಂಡು ಅವರ ಬಳಿ ಹೋದೆ. “ಸರ್, ಮಗುವಿನ ಬಾಟಲಿ ಇದು. ಉರುಳಿ ಹೋಗುತ್ತೆ. ಇಳಿಯೋವರೆಗೂ ಸ್ವಲ್ಪ ಹಿಡ್ಕೊಳ್ತೀರಾ?” ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದು ಕೂತರು. ಯುದ್ಧದ ಕಥೆ ನಿಂತಿತು, ಉಸಿರು ನಿಧಾನವಾಯಿತು. ಇಳಿದು ಹೋಗುವಾಗ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ಬೇರೆಯವರಿಗೆ ಕೇಳದಂತೆ, “ಬಾಟಲಿ ಖಾಲಿ ಇತ್ತಲ್ಲಮ್ಮ?” ಎಂದರು.

“ಹೌದು ಸರ್.”

ಮೀಸೆಯಡಿ ನಕ್ಕು ಇಳಿದುಹೋದರು. ಹೆದರಿದವರಿಗೆ ಧೈರ್ಯ ಹೇಳಬೇಡಿ, ಏನಾದರೂ ಕೆಲಸ ಕೊಡಿ. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ.

ಕೆಲಸಕ್ಕೆ ಸೇರಿ ಎರಡನೆಯ ವರ್ಷವೋ ಏನೋ, ಜೆಟ್ ವಿಮಾನದಲ್ಲಿ ಒಂದು ಮಧ್ಯಾಹ್ನ. ನೆಲ ಮುಟ್ಟಿ ನಿಧಾನವಾಗಿ ಓಡುತ್ತಿದ್ದೆವು. ಹಿಂದಿನ ಶೌಚಾಲಯದ ಕಡೆಯಿಂದ ಕಾಗದ ಸುಟ್ಟ ವಾಸನೆ ಬಂತು. ಯಾರೋ ಆರಿಸದ ಸಿಗರೇಟನ್ನು ಕಸದ ಡಬ್ಬಿಗೆ ಎಸೆದಿದ್ದರು. ಸಹೋದ್ಯೋಗಿ ಬಾಗಿಲು ತೆರೆದದ್ದೇ ತಡ, ಕಪ್ಪು ಹೊಗೆ ಛಾವಣಿ ಹಿಡಿದು ಮುಂದಕ್ಕೆ ಬಂತು. ಕ್ಯಾಪ್ಟನ್ ವಿಮಾನವನ್ನು ಅಲ್ಲೇ ನಿಲ್ಲಿಸಿ ಎಲ್ಲರನ್ನೂ ಇಳಿಸಲು ಹೇಳಿದರು.

ಮುಂದಿನ ಎಡಬಾಗಿಲಲ್ಲಿ ಡೊರೀನ್ ಮೇಡಂ, ಬಲಬಾಗಿಲಲ್ಲಿ ನಾನು. ಬಾಗಿಲು ತಳ್ಳಿದೆ. ಗಾಳಿ ತುಂಬಿಕೊಂಡು ಜಾರುವ ಹಾಸು ನೆಲದವರೆಗೂ ಇಳಿಯಿತು. ಹೊರಗಿನಿಂದ ನುಗ್ಗಿದ ಗಾಳಿಗೆ ನನ್ನ ಸೀರೆಯ ನೆರಿಗೆ ಕಾಲಿಗೆ ಸುತ್ತಿ, ಒಂದು ಹೆಜ್ಜೆ ಇಡಲೂ ಆಗದಂತಾಯಿತು. ಹಿಂದೆ ಜನ ನೂಕುತ್ತಿದ್ದರು. ಆ ಗಳಿಗೆಯಲ್ಲಿ ನನ್ನ ಕೈಗೆ ನೆನಪಾದದ್ದು ಕಂಪನಿಯ ಪಾಠವಲ್ಲ. ನಾಟಿಗೆ ಕೆಸರಿಗಿಳಿಯುವಾಗ ನಮ್ಮೂರ ಹೆಂಗಸರು ಮಾಡುವಂತೆ ನೆರಿಗೆಯನ್ನೆಲ್ಲ ಬಾಚಿ ಮೊಣಕಾಲಿನ ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಎತ್ತರ ಹಿಮ್ಮಡಿಯ ಚಪ್ಪಲಿ ಒದ್ದು ಎಸೆದೆ. ಇಂಗ್ಲಿಷಿನಲ್ಲಿ ಕೂಗಬೇಕಿದ್ದ ಮಾತುಗಳೆಲ್ಲ ಮರೆತುಹೋಗಿ, “ಎಗರ್ರೀ! ಚೀಲ ಬುಡ್ರೀ! ಬುಟ್ಟು ಎಗರ್ರೀ!” ಎಂದು ಗದ್ದೆಯಿಂದ ಗದ್ದೆಗೆ ಕೂಗುವ ದನಿಯಲ್ಲಿ ಕಿರುಚಿದೆ. ಕನ್ನಡ ಬಾರದವರಿಗೂ ಅರ್ಥವಾಯಿತು. ಒಬ್ಬರು ಬ್ರೀಫ್‌ಕೇಸನ್ನು ಎದೆಗವಚಿಕೊಂಡು ಬಾಗಿಲಿಗೆ ಅಡ್ಡ ನಿಂತರು. ಅದನ್ನು ಕಿತ್ತು ಒಳಕ್ಕೆ ಎಸೆದು ಅವರನ್ನು ಹೊರಕ್ಕೆ ತಳ್ಳಿದೆ.

ಎಲ್ಲರ ಜೀವವೂ ಉಳಿಯಿತು. ಒಬ್ಬರ ಕಾಲು ಉಳುಕಿತು, ಕೆಲವರ ಅಂಗೈ ತರಚಿತು, ಅಷ್ಟೆ. ಕೊನೆಯಲ್ಲಿ ನಾನೂ ಡೊರೀನ್ ಮೇಡಮ್ಮೂ ಜಾರಿ ಇಳಿದೆವು. ಬರಿಗಾಲಲ್ಲಿ ಹುಲ್ಲಿನ ಮೇಲೆ ಓಡಾಡಿ ಜನರನ್ನು ವಿಮಾನದಿಂದ ದೂರ ಕಳಿಸಿದೆ.

ಯಾರನ್ನೋ ಎದುರುಗೊಳ್ಳಲು ನಿಲ್ದಾಣಕ್ಕೆ ಬಂದಿದ್ದ ಪತ್ರಿಕೆಯವರೊಬ್ಬರು ತೆಗೆದ ಚಿತ್ರ ಮಾರನೆಯ ದಿನದ ಪತ್ರಿಕೆಯಲ್ಲಿ ಬಂತು. ಸೀರೆ ಎತ್ತಿ ಕಟ್ಟಿ, ಕೂದಲು ಕೆದರಿ, ಬಾಯಿ ದೊಡ್ಡದಾಗಿ ತೆರೆದು ಬಾಗಿಲಲ್ಲಿ ನಿಂತ ನಾನು. ಯಾರಾದರೂ ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ. ಕಚೇರಿಯ ಮೇಲಧಿಕಾರಿಯೊಬ್ಬರು ನನ್ನನ್ನೂ ಡೊರೀನ್ ಮೇಡಮ್ಮನ್ನೂ ಕರೆಸಿ ಪತ್ರಿಕೆಯನ್ನು ಮೇಜಿನ ಮೇಲೆ ಹಾಕಿದರು.

“ಇದು ನಮ್ಮ ಕಂಪನಿಯ ಘನತೆಯೇನಮ್ಮ? ಹೀಗಾ ಸೀರೆ ಉಡೋದು?”

ನನಗೆ ಅಳು ಬಂತು. ಡೊರೀನ್ ಮೇಡಂ ಕೂರಲೇ ಇಲ್ಲ. ತಿಂಗಳು ತಿಂಗಳೂ ನಮ್ಮನ್ನು ತೂಗಿ ಬೈಯುತ್ತಿದ್ದ ಆ ಹೆಂಗಸು ಮೇಜಿನ ಹತ್ತಿರ ಹೋಗಿ, “ಸರ್, ಮೊದಲು ಆ ಚಿತ್ರದ ಕೆಳಗಡೆ ಹುಲ್ಲಿನ ಮೇಲೆ ನಿಂತಿರೋ ಜನರನ್ನ ಎಣಿಸಿ. ಆಮೇಲೆ ಇವಳ ಸೀರೆ ಅಳೀರಿ,” ಎಂದರು.

ಆ ಅಧಿಕಾರಿ ಪತ್ರಿಕೆ ಮಡಿಚಿ ಡ್ರಾಯರಿಗೆ ಹಾಕಿ, “ಹೋಗಿ,” ಅಂದರು. ಕೆಲವು ತಿಂಗಳಾದ ಮೇಲೆ ಇಡೀ ತರಬೇತಿಯೇ ಬದಲಾಯಿತು. ಬೆಂಕಿ, ಹೊಗೆ, ನೀರು ಎಂದು ದಿನಗಟ್ಟಲೆ ಅಭ್ಯಾಸ. ಸೀರೆಯನ್ನು ಹೇಗೆ ಎತ್ತಿ ಕಟ್ಟಬೇಕೆಂದು ಹೊಸ ಹುಡುಗಿಯರಿಗೆ ತೋರಿಸಲು ನನ್ನನ್ನೇ ಕರೆದರು. ಇಂದು ನೀವು ಪ್ಯಾಂಟು, ಚಪ್ಪಟೆ ಷೂ ತೊಟ್ಟು ಹಾರುತ್ತೀರಲ್ಲ, ಅದನ್ನು ಫ್ಯಾಷನ್ ಅಂದುಕೊಳ್ಳಬೇಡಿ. ಬೆಂಕಿ ಬಿದ್ದಾಗ ಓಡಲು ಕಾಲು ಬೇಕು.

ಊರಿಗೆ ಹೋದಾಗ ಅಪ್ಪನ ಅಂಗಿ ಜೇಬಿನಲ್ಲಿ ಅದೇ ಚಿತ್ರ ಇತ್ತು. ಭೇರ್ಯದ ಹೋಟೆಲಿನಲ್ಲಿ ನೋಡಿ, ಮಾಲೀಕನನ್ನು ಕೇಳಿ ಹರಿದುಕೊಂಡು ಬಂದಿದ್ದನಂತೆ. ಅವ್ವ, “ಮಂಡಿ ಕಾಣ್ತಾ ಅದೆ, ಅದ್ನ ಎಲ್ರಿಗೂ ತೋರುಸ್ತೀಯಲ್ಲ, ಮಾನ ಇಲ್ವ ನಿಂಗೆ?” ಎಂದು ಗೊಣಗುತ್ತಿದ್ದಳು.

“ಏ ಸುಮ್ಕಿರು. ನಾಟಿಗಿಳ್ದಂಗೆ ಇಳ್ದವ್ಳೆ ಕಣೇ ನನ್ ಮಗ್ಳು,” ಎಂದ ಅಪ್ಪ.

ಇನ್ನೊಂದು ಬೇಸರದ ಸಂಗತಿ ಹೇಳಲೇಬೇಕು. ನಮ್ಮ ಕೆಲಸಕ್ಕೆ ಆಗ ಇದ್ದ ನಿಯಮಗಳನ್ನು ಈಗಿನವರು ನಂಬುವುದೇ ಇಲ್ಲ. ಸೇರಿದ ಕೆಲವು ವರ್ಷ ಮದುವೆಯಾಗುವಂತಿಲ್ಲ. ಬಸುರಿಯಾದರೆ ಕೆಲಸ ಹೋಯಿತು. ಮೂವತ್ತರ ಮಧ್ಯಕ್ಕೆ ಬಂದರೆ ಮನೆಗೆ. ಜೊತೆಯಲ್ಲೇ ಹಾರುವ ಗಂಡಸರಿಗೆ ಈ ಯಾವುದೂ ಇಲ್ಲ. ಡೊರೀನ್ ಮೇಡಂ ಮದುವೆಯಾಗದೆ, ಕೆಲಸವನ್ನೇ ಮನೆಯೆಂದುಕೊಂಡು ಇದ್ದವರು. ಅವರ ವಯಸ್ಸಿನ ಗಡಿ ಬಂತು. ಕೊನೆಯ ಹಾರಾಟ ಮುಗಿಸಿ ಬಂದು, ಸಮವಸ್ತ್ರದ ಸೀರೆಯನ್ನು ಮಡಿಚಿ ಕಚೇರಿಗೆ ಒಪ್ಪಿಸಿದರು. “ನಾನು ಈಗಷ್ಟೇ ಚೆನ್ನಾಗಿ ಕೆಲಸ ಕಲಿತಿದ್ದೆ ಜಯಾ,” ಅಂದರು. ಅವರು ಹೋಗಿ ಹೆಚ್ಚು ದಿನವಾಗಿರಲಿಲ್ಲ, ನಮ್ಮಂಥ ಕೆಲವು ಹೆಂಗಸರು ಕೋರ್ಟಿಗೆ ಹೋಗಿ ಹೋರಾಡಿದ್ದರಿಂದ ಬಸುರಿನ ನಿಯಮ ಬಿತ್ತು, ವಯಸ್ಸಿನ ಗಡಿ ಮುಂದಕ್ಕೆ ಹೋಯಿತು. ಮೇಡಂಗೆ ಅದರಿಂದ ಉಪಯೋಗವಾಗಲಿಲ್ಲ. ನನಗಾಯಿತು.

ಮದುವೆಯಾಗಿ ನಾನು ಬಸುರಿಯಾದಾಗ ನಿಯಮ ಹೋಗಿದ್ದರೂ ಅದರ ಹೆದರಿಕೆ ಹೋಗಿರಲಿಲ್ಲ. ಕಚೇರಿಗೆ ತಿಳಿಸಲು ಹೊರಟ ಬೆಳಿಗ್ಗೆ ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ಗಂಡ ಶಿವಣ್ಣ ಹುಣಸೂರಿನವರು, ಬೆಂಗಳೂರಿನಲ್ಲಿ ಐ.ಟಿ.ಐ. ಮೇಷ್ಟ್ರು. “ಅಲ್ಲ ಕಣೇ, ಹೊಗೆ ತುಂಬಿದ ಇಮಾನದಿಂದ ಅಷ್ಟು ಜನಾನ ತಳ್ಳಿದೋಳು ನೀನು. ಒಂದು ಮೇಜಿನ ಮುಂದೆ ನಿಂತು ಮಾತಾಡಕ್ಕೆ ಎದರ್ತೀಯಲ್ಲ?” ಎಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಒಳಗಿದ್ದ ಗುಮಾಸ್ತರು ತಲೆಯೆತ್ತದೆ, “ಸರಿ, ನಾಳೆಯಿಂದ ಕೌಂಟರಿಗೆ ಹೋಗಿ, ಹೆರಿಗೆಯಾದ ಮೇಲೆ ಹಾರೋಕೆ ಬನ್ನಿ,” ಎಂದರು. ಅಷ್ಟೇ. ಹೊರಗೆ ಬಂದು ಸ್ಕೂಟರಿಗೆ ಒರಗಿ ಅತ್ತೆ. ಸಂತೋಷಕ್ಕೂ ಅತ್ತೆ, ಮೇಡಮ್ಮನ್ನು ನೆನೆದೂ ಅತ್ತೆ.

ಕೌಂಟರಿನಲ್ಲಿ ಆಗ ಕಂಪ್ಯೂಟರು ಇರಲಿಲ್ಲ. ಹಾಳೆಯ ಹಿಂದೆ ಬಳಿದ ಕೆಂಪು ಕಾರ್ಬನ್ನು ಬೆರಳಿಗೆ ಹತ್ತುವ, ಕೈಬರಹದ ಟಿಕೆಟ್ಟು. ವಿಮಾನದ ಆಸನಗಳೆಲ್ಲ ಒಂದು ಹಾಳೆಯ ಮೇಲೆ ಸಣ್ಣ ಚೀಟಿಗಳಾಗಿ ಅಂಟಿರುತ್ತಿದ್ದವು. ಒಬ್ಬೊಬ್ಬರು ಬಂದಂತೆ ಒಂದೊಂದನ್ನು ಕಿತ್ತು ಅವರ ಕಾರ್ಡಿಗೆ ಅಂಟಿಸುವುದು. ಹೊಟ್ಟೆ ಮುಂದೆ ಬಂದಂತೆ ನಾನು ಕೌಂಟರಿನಿಂದ ಹಿಂದೆ ಹಿಂದೆ ಸರಿದು ಕೈ ಚಾಚುತ್ತಿದ್ದೆ. ಪ್ರಯಾಣಿಕರು ತಾವೇ ಬಾಗಿ ಚೀಟಿ ಅಂಟಿಸಿಕೊಳ್ಳುತ್ತಿದ್ದರು. ಮಗ ಹುಟ್ಟಿ ಕೆಲವು ತಿಂಗಳಿಗೆ ನಾನು ಮತ್ತೆ ಹಾರಿದೆ.

ಆಮೇಲಿನ ಬದಲಾವಣೆಗಳು ಒಂದರ ಹಿಂದೆ ಒಂದು ಬಂದವು. ಸಿಗರೇಟು ನಿಂತಿತು. ನನ್ನ ಎದೆ ಹಗುರಾಯಿತು. ಕ್ಯಾಪ್ಟನ್ ಕೂರುವ ಕೋಣೆಯ ಬಾಗಿಲಿಗೆ ಬೀಗ ಬಿತ್ತು. ಇದೊಂದು ನನಗೆ ಇವತ್ತಿಗೂ ನೋವೇ. ಮೊದಲೆಲ್ಲ ಮಕ್ಕಳನ್ನು ಕೈ ಹಿಡಿದು ಒಳಗೆ ಕರೆದೊಯ್ಯುತ್ತಿದ್ದೆವು. ಆ ದೊಡ್ಡ ಗಾಜಿನಲ್ಲಿ ಮೋಡ ನೋಡಿ ಅವು ಬಾಯಿ ಬಿಡುತ್ತಿದ್ದವು. ವಿಮಾನ ಅಪಹರಣಗಳಾದ ಮೇಲೆ ಈಗ ಅದು ಆಗದು, ಗೊತ್ತಿದೆ. ಹೊಸ ಹೊಸ ಕಂಪನಿಗಳು ಬಂದವು, ಟಿಕೆಟ್ಟಿನ ಬೆಲೆ ಇಳಿಯಿತು. ನಾನೂ ಹಳೆಯದನ್ನು ಬಿಟ್ಟು, ಕಡಿಮೆ ದರದ ಹೊಸ ಕಂಪನಿಯೊಂದಕ್ಕೆ ಸೇರಿದೆ. ಹುಡುಗಿಯರಿಗೆ ಕಲಿಸಲು ಹಳಬರು ಅವರಿಗೆ ಬೇಕಿತ್ತು. ಜೊತೆಗೆ ಹಾರುತ್ತಲೂ ಇದ್ದೆ.

ಅಲ್ಲಿ ಊಟ ಬಡಿಸುವುದಿಲ್ಲ, ಮಾರುವುದು. ಬಿಸಿನೀರು ಸುರಿದರೆ ಉಪ್ಪಿಟ್ಟಾಗುವ ಡಬ್ಬಿ. ಮೊದಲ ದಿನ ರೂಢಿಯಂತೆ ನಗುನಗುತ್ತ ಒಂದು ಸಾಲಿಗೆ ಪೂರ್ತಿ ಹಂಚಿ, ‘ಇನ್ನೊಂದು ಬೇಕಾ ಸರ್?’ ಎಂದು ಬೇರೆ ಕೇಳಿ ಬಂದಿದ್ದೆ. ಹಿಂದಿನಿಂದ ಬಂದ ನನ್ನ ಶಿಷ್ಯೆ ಕಿವಿಯಲ್ಲಿ, “ಮೇಡಂ, ದುಡ್ಡು!” ಎಂದಳು. ಹೊಟ್ಟೆ ತುಂಬ ನಕ್ಕೆವು. ಆದರೆ ಒಳಗೊಳಗೆ ನನಗೆ ಕಸಿವಿಸಿ ಇತ್ತು. ಹಳೆಯ ಸ್ನೇಹಿತೆಯರು ಸೇರಿದಾಗಲೆಲ್ಲ, ‘ಎಲ್ಲ ಬಸ್ಸಾಗಿಹೋಯ್ತು ಬಿಡು’ ಎನ್ನುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ.

ತಲೆಯಾಡಿಸುವುದನ್ನು ನಿಲ್ಲಿಸಿದ್ದು ಹಂಪಾಪುರದ ಹೆಂಗಸರು ಬಂದ ದಿನ. ಸ್ತ್ರೀಶಕ್ತಿ ಸಂಘದವರು, ಕಾಶಿ ನೋಡಲು ಬೆಂಗಳೂರಿನಿಂದ ಹೊರಟಿದ್ದರು. ಎಲ್ಲರದೂ ಒಂದೇ ಬಣ್ಣದ ಸೀರೆ. ಮುಂದಿನ ಸೀಟಿನ ಒಬ್ಬ ಯುವಕ ನನ್ನನ್ನು ಕರೆದು ಇಂಗ್ಲಿಷಿನಲ್ಲಿ, ಇವರ ಗಲಾಟೆ ಎಷ್ಟು ಹೊತ್ತು ಎಂದು ಕೇಳಿದ. ನಾನು ಉತ್ತರಿಸುವಷ್ಟರಲ್ಲಿ ಅವರಲ್ಲೊಬ್ಬರು ಸೆರಗು ಹಿಡಿದು ಎಳೆಯುವಂತೆ ನನ್ನ ತೋಳನ್ನೇ ಹಿಡಿದು ಎಳೆದರು.

“ಏನವ್ವಾ, ಕಿಟ್ಕಿ ತಾವ ಕೂತೋರೇ ನೋಡ್ತಾ ಅವ್ರೆ. ಈಚೆ ಕೂತಿರೋ ನಾವು ಕಾಸು ಕೊಟ್ಟಿಲ್ವ?”

ನ್ಯಾಯವಾದ ಮಾತು. ಅವರ ಹೆಸರು ಪುಟ್ಟತಾಯಮ್ಮ. ಕಂಪನಿಯ ನಯವಾದ ಕನ್ನಡ ನನ್ನ ಬಾಯಲ್ಲಿ ಬರಲಿಲ್ಲ. “ಇರ್ರವ್ವ, ಎಲ್ರೂ ಒಟ್ಗೇ ಎದ್ರೆ ಆಗಾಕಿಲ್ಲ. ಒಂದೊಂದು ಸಾಲಿನೋರು ಜಾಗ ಬದ್ಲಾಯ್ಸ್ಕಳಿ, ಯಾವಾಗ ಅಂತ ನಾನೇ ಏಳ್ತೀನಿ,” ಎಂದೆ.

ಪುಟ್ಟತಾಯಮ್ಮ ನನ್ನ ಮುಖವನ್ನೇ ನೋಡಿದರು. “ಯಾವೂರು ಮಗ ನಿಂದು?”

“ಭೇರ್ಯದ ತಾವ.”

“ಅಯ್ಯೋ, ನಮ್ಮೋಳೇ ಕಣ್ರೇ!” ಎಂದು ಇಡೀ ವಿಮಾನಕ್ಕೆ ಸಾರಿದರು. ಅಲ್ಲಿಂದ ನನಗೆ ಕೆಲಸವೇ ಉಳಿಯಲಿಲ್ಲ. ಸಾಲು ಸಾಲಾಗಿ ತಾವೇ ಶಿಸ್ತಿನಿಂದ ಬದಲಾದರು. ಅಷ್ಟರಲ್ಲಿ ಕೆಳಗೆ ಬೆಳ್ಳಿ ಕಡ್ಡಿಯಂತೆ ಒಂದು ಹೊಳೆ ಕಾಣಿಸಿತು. ಯಾವ ಹೊಳೆ ಎಂದು ಪುಟ್ಟತಾಯಮ್ಮ ಕೇಳಿದರು. ನನಗೆ ಖಚಿತವಿರಲಿಲ್ಲ, ಫೋನಿನಲ್ಲಿ ಕ್ಯಾಪ್ಟನ್ನರನ್ನು ಕೇಳಿದೆ. ಕೃಷ್ಣೆ ಎಂದು ಅವರೇ ಮೈಕಿನಲ್ಲಿ ಹೇಳಿದರು. ಹೆಂಗಸರೆಲ್ಲ ಕೂತಲ್ಲೇ ಕೈ ಮುಗಿದರು. ಗಲಾಟೆ ಎಂದಿದ್ದ ಆ ಯುವಕನೂ ಕಿಟಕಿಗೆ ಹಣೆ ತಾಗಿಸಿ ನೋಡುತ್ತಿದ್ದ. ಎಷ್ಟೋ ಸಲ ಆ ದಾರಿಯಲ್ಲಿ ಹೋದವನು, ಕೆಳಗಿರುವುದು ಯಾವ ಹೊಳೆ ಎಂದು ಎಂದೂ ಕೇಳಿರಲಿಲ್ಲವಂತೆ. ಆ ಹೆಂಗಸರು ಕೊಟ್ಟ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಪರದೆಯ ಹಿಂದೆ ನಿಂತು ತಿಂದೆ. ಗಟ್ಟಿ ತಟ್ಟೆಯ ಕಾಲದಲ್ಲೂ ಅಷ್ಟು ರುಚಿಯ ಊಟ ವಿಮಾನದಲ್ಲಿ ಸಿಕ್ಕಿರಲಿಲ್ಲ.

ನಾನು ಹಾರುವುದನ್ನು ಬಿಟ್ಟು ಈಗ ವರ್ಷಗಳಾದವು. ಕಳೆದ ಚಳಿಗಾಲದಲ್ಲಿ ಹೈದರಾಬಾದಿನಲ್ಲಿರುವ ತಂಗಿಯನ್ನು ನೋಡಲು ಮೈಸೂರಿನಿಂದ ಸಣ್ಣ ವಿಮಾನ ಹತ್ತಿದೆ. ಪಕ್ಕದ ಸೀಟಿಗೆ ಗಟ್ಟಿ ಮೈಯ ಒಬ್ಬ ಮನುಷ್ಯ ಬಂದು ಕೂತ. ಪ್ಯಾಂಟಿನ ಅಂಚಿನಲ್ಲಿ ಬಿಳಿ ಸಿಮೆಂಟಿನ ಕಲೆ. ಕೆ.ಆರ್. ನಗರದ ಕಡೆಯವನು, ಟೈಲ್ಸ್ ಹಾಕುವ ಕೆಲಸ, ಮೇಸ್ತ್ರಿ ಅರ್ಜೆಂಟಾಗಿ ಕರೆದಿದ್ದಾನೆ ಎಂದ. ಬೆಲ್ಟ್ ಹಾಕಿಕೊಂಡ, ತಲೆ ಹಿಂದಕ್ಕೆ ಒರಗಿಸಿದ. ವಿಮಾನ ಓಡುದಾರಿಗೆ ಬರುವ ಮುಂಚೆಯೇ ನಿದ್ದೆ ಹೋಗಿದ್ದ.

ವಿಮಾನ ನೆಲ ಬಿಟ್ಟಿತು. ಬಲಗಡೆ ಚಾಮುಂಡಿ ಬೆಟ್ಟ ತಿರುಗಿ ಕೆಳಗಿಳಿಯಿತು. ಅವನು ಗೊರಕೆ ಹೊಡೆಯುತ್ತಿದ್ದ. ನೋಡುವುದಕ್ಕೆ ಇಷ್ಟೆಲ್ಲ ಇರುವಾಗ ಹೀಗೆ ಮಲಗಿದ್ದಾನಲ್ಲ ಎಂದು ಮೊದಲು ಪೆಚ್ಚೆನಿಸಿತು. ಆಮೇಲೆ ಅವನ ಮುಖ ನೋಡಿದೆ. ಬಾಯಿ ಸ್ವಲ್ಪ ತೆರೆದಿತ್ತು, ಹುಬ್ಬು ಸಡಿಲವಾಗಿತ್ತು. ದುಡಿದು ದಣಿದ ಮನುಷ್ಯ, ತನ್ನನ್ನು ಯಾರೋ ಸರಿಯಾಗಿ ಮುಟ್ಟಿಸುತ್ತಾರೆ ಎಂದು ಪೂರ್ತಿ ನಂಬಿ ಮಲಗಿದ್ದ. ದಾರಿಯಲ್ಲಿ ಬಂದ ಹುಡುಗಿ ಅವನ ಮೊಣಕೈ ತಳ್ಳುಗಾಡಿಗೆ ತಾಗದಂತೆ ಮೆಲ್ಲಗೆ ಒಳಕ್ಕೆ ಸರಿಸಿ, ಎಬ್ಬಿಸದೆ ಮುಂದೆ ಹೋದಳು. ಅವಳು ಯಾವ ಊರಿನವಳೋ, ಕೇಳಲಿಲ್ಲ. ಕೆಲಸ ಬಲ್ಲವಳು.

ಚಕ್ರ ನೆಲ ಮುಟ್ಟಿದ ಕುಲುಕಿಗೆ ಅವನಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ನನ್ನ ಕಡೆ ತಿರುಗಿದ.

“ಬಂತೇನಮ್ಮ?”

“ಬಂತು ಕಣಪ್ಪ.”

“ಇಷ್ಟ್ ಬೇಗ್ನೇ?” ಎಂದು ಎದ್ದು, ಮೇಲಿನಿಂದ ತನ್ನ ಚೀಲವನ್ನೂ, ಕೇಳದೆಯೇ ನನ್ನದನ್ನೂ ಇಳಿಸಿಕೊಂಡು ಬಾಗಿಲ ಕಡೆ ನಡೆದ.